ಮೇಜಿನಡಿಗೆ ಹೋದ ರೂಟರ್

ನಮ್ಮ ಕಡೆ ಎಲ್ಲಾದರೂ ಮನೆ ಒಕ್ಕಲು ಹತ್ತಿರ ಬಂತೆಂದರೆ ಅಂಗಳದಿಂದ ಟ್ರಿಮ್ಮರಿನ ಕೀರಲು ಸ್ವರ ಕೇಳಿಸಲೇಬೇಕು. ಬ್ರಹ್ಮಾವರದಿಂದ ಹಿಡಿದು ಕುಂದಾಪುರ ದಾಟಿ ಬೈಂದೂರಿನ ತನಕ ಹೆದ್ದಾರಿಯ ಬದಿಯಲ್ಲಿ ಹೊಸ ಮನೆ ಏಳದ ಊರಿಲ್ಲ, ಆ ಮನೆಗಳಲ್ಲಿ ಸನ್‌ಮೈಕದ ಅಂಚು ಸವರದ ಆಚಾರ್ರಿಲ್ಲ. ಈ ಟ್ರಿಮ್ಮರಿನ ದೊಡ್ಡಣ್ಣ ರೂಟರ್. ಎರಡು ಹಿಡಿ, ನಡುವೆ ಮೋಟಾರು, ಕೆಳಗೆ ಗರಗರ ತಿರುಗುವ ಬಿಟ್ಟು. ಬಾಗಿಲ ಅಂಚಿಗೆ ಮೋಲ್ಡಿಂಗ್ ಕೊಡುವುದು, ಕಪಾಟಿನ ಹಲಗೆಗೆ ಗ್ರೂವ್ ಹೊಡೆಯುವುದು ಎಲ್ಲ ಇದರ ಕೆಲಸ. ಹೆಚ್ಚಿನವರು ಇದನ್ನು ಕೈಯಲ್ಲಿ ಹಿಡಿದೇ ಬಳಸುತ್ತಾರೆ. ನನ್ನ ಮಾತು ಇಷ್ಟೇ: ಇದನ್ನೊಮ್ಮೆ ತಲೆಕೆಳಗು ಮಾಡಿ ಮೇಜಿನಡಿಗೆ ಕಟ್ಟಿ. ಇನ್ನೊಂದು ಮೆಷಿನ್ನಿಗೆ ಹಾಕುವ ಹಣವನ್ನು ಆ ಮೇಜಿಗೆ ಹಾಕಿ.

ಒಂದೂವರೆ ಇಂಚು ಅಗಲದ ಪಟ್ಟಿಯ ಮೇಲೆ ದೊಡ್ಡ ರೂಟರ್ ಇಟ್ಟು ಓಡಿಸಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಮೆಷಿನ್ನಿನ ತಳಕ್ಕೆ ಕೂರಲು ಜಾಗವೇ ಇಲ್ಲ. ಚೂರು ವಾಲಿದರೂ ಅಂಚಿನಲ್ಲಿ ಹೊಂಡ ಬೀಳುತ್ತದೆ. ಅದೇ ರೂಟರ್ ಮೇಜಿನಡಿ ಗಟ್ಟಿಯಾಗಿ ನಿಂತು ಬಿಟ್ಟು ಮಾತ್ರ ಮೇಲೆ ಇಣುಕುತ್ತಿದ್ದರೆ, ಪಟ್ಟಿಯನ್ನು ಮೇಜಿನ ಮೇಲೆ ಜಾರಿಸಿದರೆ ಸಾಕು. ಹಳೆಯ ಕಾಲದ ಆಚಾರ್ರು ನೆಲದಲ್ಲಿ ಕೂತು, ಮರವನ್ನು ಕಾಲ್ಬೆರಳುಗಳಲ್ಲಿ ಒತ್ತಿ ಹಿಡಿದು, ಎರಡೂ ಕೈಗಳಿಂದ ಉಳಿ ಕೊಡತಿ ಆಡಿಸುತ್ತಿದ್ದರು. ಮರ ಅಲುಗಬಾರದು, ಉಪಕರಣ ಚಲಿಸಬೇಕು ಎಂಬುದು ಅವರ ಕ್ರಮ. ಮೇಜಿನಲ್ಲಿ ಅದು ಪೂರಾ ತಿರುಗಾಮುರುಗಾ. ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕು.

ಬಾರಕೂರು, ಬಸರೂರಿನ ಕಡೆಯ ಹಳೆ ಹಂಚಿನ ಮನೆಗಳಿಗೆ ಹೋದಾಗ ನಾನು ಮೊದಲು ತಲೆ ಎತ್ತಿ ಮುಚ್ಚಿಗೆ ನೋಡುತ್ತೇನೆ. ಹಲಗೆಗೆ ಹಲಗೆ ಸೇರಿಸುವಾಗ ಒಂದರ ಅಂಚಿನಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದು ಕೂರುವಷ್ಟು ಗ್ರೂವ್. ಮಳೆಗಾಲದಲ್ಲಿ ಹಲಗೆ ಉಬ್ಬಿ ಬೇಸಗೆಯಲ್ಲಿ ಕುಗ್ಗಿದರೂ ಸಂದು ಬಾಯಿ ಬಿಡುವುದಿಲ್ಲ, ಅಟ್ಟದ ಧೂಳು ಕೆಳಗೆ ಉದುರುವುದಿಲ್ಲ. ಅಷ್ಟುದ್ದದ ಅಂಚುಗಳನ್ನು ಕೀಸುಳಿಯಿಂದ, ಉಳಿಯಿಂದ ಒಂದೇ ಸಮನೆ ತೆಗೆದ ಕೈಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಇಂದು ಅಂಥ ಮುಚ್ಚಿಗೆ ಹಾಕಿಸಬೇಕೆಂದರೆ ಕೂಲಿಯ ಲೆಕ್ಕಕ್ಕೇ ಮನೆಯವರು ಹಿಂದೆ ಸರಿಯುತ್ತಾರೆ. ರೂಟರ್ ಮೇಜು ಇದ್ದರೆ ಬಿಟ್ಟಿನ ಎತ್ತರ ಒಮ್ಮೆ ನಿಲ್ಲಿಸಿ ಎಷ್ಟು ಹಲಗೆಯನ್ನಾದರೂ ಅದೇ ಅಳತೆಯಲ್ಲಿ ದೂಡುತ್ತ ಹೋಗಬಹುದು. ಮುಚ್ಚಿಗೆ ನಮ್ಮ ಮನೆಗಳಿಗೆ ಮತ್ತೆ ಬರುವುದಿದ್ದರೆ ಈ ದಾರಿಯಲ್ಲೇ ಬಂದೀತು.

ಹಾಗೆಂದು ಎಲ್ಲವನ್ನೂ ಮೆಷಿನ್ನಿಗೆ ಒಪ್ಪಿಸುವ ಮಾತಲ್ಲ. ನಮ್ಮ ಕೋಟೇಶ್ವರ ಕೊಡಿಹಬ್ಬದ ತೇರಿಗೆ ಹೆಸರಾದಂತೆ ತೇರು ಕಟ್ಟುವವರಿಗೂ ಹೆಸರಾದ ಊರು. ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಕೈಯಲ್ಲಿ ರೂಪುಗೊಂಡ ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥ 2019ರಲ್ಲಿ ಇಲ್ಲಿಂದಲೇ ಹೊರಟದ್ದು. ಅಂಥ ರಥದ ಮೂರ್ತಿಗಳ ಕಣ್ಣು, ಬೆರಳು, ಸೆರಗಿನ ನೆರಿಗೆ ಯಾವತ್ತಿಗೂ ಉಳಿಯ ಪಾಲು. ಆ ಕೆಲಸಕ್ಕೆ ರೂಟರ್ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಉದ್ದಕ್ಕೆ ಒಂದೇ ತೆರ ಓಡುವ ಪಟ್ಟಿ, ಅಂಚು, ಚೌಕಟ್ಟು ಮೇಜಿಗೆ ಹೋಗಲಿ. ಉಳಿಯ ಕೆಲಸಕ್ಕೆ ಆಚಾರ್ರ ಹೊತ್ತು ಉಳಿಯಲಿ.

ಕೈಯಲ್ಲಿ ಹಿಡಿಯುವ ವಿದ್ಯುತ್ ರೂಟರ್ ಬಂದು ನೂರು ವರ್ಷ ದಾಟಿತು. ಅಮೆರಿಕದ ಸಿರಾಕ್ಯೂಸಿನಲ್ಲಿ ಕಾರ್ಟರ್ ಎಂಬಾತ ಮೊದಲ ಮಹಾಯುದ್ಧದ ಹೊತ್ತಿಗೆ ಇದನ್ನು ಮಾಡಿ ಮಾರತೊಡಗಿದ, 1929ರಲ್ಲಿ ಸ್ಟಾನ್ಲಿ ಕಂಪನಿ ಅವನ ಉದ್ಯಮವನ್ನು ಕೊಂಡುಕೊಂಡಿತು. ಅಂದಿನಿಂದ ಇಂದಿನವರೆಗೆ ಮರಗೆಲಸದವರು ಇದನ್ನು ಬಿಚ್ಚಿ ಬದಲಾಯಿಸುತ್ತಲೇ ಬಂದಿದ್ದಾರೆ.

ಈಗ ಮೇಜಿನ ವಿಷಯ. ಮೇಲ್ಮೈಗೆ 18 ಮಿ.ಮೀ. ದಪ್ಪದ ಎರಡು ಮರೈನ್ ಪ್ಲೈವುಡ್ ಹಲಗೆಗಳನ್ನು ಅಂಟಿಸಿ, ಮೇಲೂ ಕೆಳಗೂ ಸನ್‌ಮೈಕ ಹಾಕಿ. ಮೇಲೆ ಮಾತ್ರ ಹಾಕಿದರೆ ನಮ್ಮ ಜೂನ್, ಜುಲೈಯ ತೇವಕ್ಕೆ ಹಲಗೆ ಬಿಲ್ಲಾಗುತ್ತದೆ. ಅಂಚುಗಳಿಗೂ ಪಾಲಿಶ್ ಕುಡಿಸಿ, ನೀರು ಹೊಕ್ಕುವುದು ಅಲ್ಲಿಂದಲೇ. ರೂಟರ್ ತೂಗುವ ಜಾಗದಲ್ಲಿ ಇಷ್ಟು ದಪ್ಪ ಇದ್ದರೆ ಬಿಟ್ಟು ಮೇಲೆ ಬರುವುದಿಲ್ಲ. ಹಾಗಾಗಿ ಅಲ್ಲಿ ಚೌಕ ಕೊರೆದು ತೆಳ್ಳಗಿನ, ಗಟ್ಟಿಯಾದ ತಟ್ಟೆ ಕೂರಿಸಬೇಕು. ಪೇಟೆಯಲ್ಲಿ ತರಿಸಿಕೊಳ್ಳುವ ಅಲ್ಯುಮಿನಿಯಂ ತಟ್ಟೆಗೆ ಬೆಲೆ ಜಾಸ್ತಿ. ಎಲೆಕ್ಟ್ರಿಕಲ್ ಪ್ಯಾನೆಲ್ಲುಗಳಿಗೆ ಬಳಸುವ ಹೈಲಂ ಶೀಟು 10 ಮಿ.ಮೀ. ದಪ್ಪದ್ದು ಸಿಕ್ಕಿದರೆ ಅದೇ ಸಾಕು, ತುಕ್ಕಿನ ಹೆದರಿಕೆಯೂ ಇಲ್ಲ. ರೂಟರಿನ ತಳದಲ್ಲಿರುವ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ಹೈಲಂಗೆ ತೂತು ಗುರುತು ಮಾಡಿ. ತಟ್ಟೆ ಮತ್ತು ಮೇಜು ಒಂದೇ ಮಟ್ಟದಲ್ಲಿರಬೇಕು. ಮಟ್ಟಗೋಲು ಇಟ್ಟು ಬೆರಳಲ್ಲಿ ಸವರಿ ನೋಡಿ, ಉಗುರಿಗೆ ತಾಗುವ ಏರು ಇದ್ದರೂ ಪಟ್ಟಿ ಅಲ್ಲಿ ಎಡವುತ್ತದೆ.

ಮೆಷಿನ್ನಿನಲ್ಲಿ ಬದಲಾವಣೆ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಒತ್ತಿ ಇಳಿಸುವ ಜಾತಿಯ ರೂಟರಿನ ಕಂಬಗಳೊಳಗೆ ಸ್ಪ್ರಿಂಗ್ ಇರುತ್ತದೆ. ಕೈಯಲ್ಲಿ ಹಿಡಿದಾಗ ಅದು ಮೋಟಾರನ್ನು ಮೇಲೆತ್ತುವ ಉಪಕಾರಿ. ತಲೆಕೆಳಗಾದ ಮೇಲೆ ಅದೇ ಮೋಟಾರನ್ನು ಕೆಳಕ್ಕೆ ನೂಕುತ್ತದೆ, ಬಿಟ್ಟನ್ನು ಮೇಲೇರಿಸಲು ಹೊರಟರೆ ಅದರೊಂದಿಗೇ ಗುದ್ದಾಟ. ಸ್ಪ್ರಿಂಗನ್ನು ಜಾಗ್ರತೆಯಿಂದ ಬಿಚ್ಚಿ ಒಂದು ಡಬ್ಬಿಯಲ್ಲಿ ಹೆಸರು ಬರೆದಿಡಿ, ಮುಂದೆ ಬೇಕಾದೀತು. ಮೋಟಾರಿನ ಕವಚಕ್ಕೆ ಮಾತ್ರ ತೂತು ಹೊಡೆಯಲೇಬಾರದು. ಎತ್ತರ ಹೊಂದಿಸಲು 10 ಮಿ.ಮೀ. ತಿರುಪುಮರೆಯ ಸರಳು ಒಂದನ್ನು ಕೆಳಗಿಂದ ಆನಿಸಿ. ಅದರ ಮರೆಯ ಅಂತರ ಒಂದೂವರೆ ಮಿ.ಮೀ., ಅಂದರೆ ಪೂರ್ತಿ ಸುತ್ತಿಗೆ ಅಷ್ಟು, ಕಾಲು ಸುತ್ತಿಗೆ ಅರ್ಧ ಮಿ.ಮೀ.ಗಿಂತ ಕಡಿಮೆ. ಗುಜರಿ ಅಂಗಡಿಯಲ್ಲಿ ಸಿಗುವ ಕಾರಿನ ಹಳೆ ಜಾಕಿಯನ್ನು ಅಡಿಗಿಟ್ಟು ತಿರುಗಿಸುವವರೂ ಇದ್ದಾರೆ. ನನಗೆ ಸರಳೇ ಇಷ್ಟ. ದೋಣಿಯ ಶಾಫ್ಟ್ ಸರಿಮಾಡುವ ಲೇತ್ ಅಂಗಡಿಯಲ್ಲಿ ಅದಕ್ಕೊಂದು ಹಿಡಿ ಮಾಡಿಸಿಕೊಳ್ಳಬಹುದು. ಎತ್ತರ ಸಿಕ್ಕಿದ ಮೇಲೆ ರೂಟರಿನ ಸ್ವಂತ ಬಿಗಿಹಿಡಿ ಹಾಕದೆ ಸುಚ್ಚು ಒತ್ತಬೇಡಿ.

ಪಟ್ಟಿಗೆ ಒತ್ತಾಗಿ ನಿಲ್ಲುವ ಬೇಲಿಯನ್ನು ಮೇಜಿನ ಅಂಚಿಗೆ ಸಮಾನಾಂತರ ಇಡಬೇಕೆಂದು ಒದ್ದಾಡುವುದು ವ್ಯರ್ಥ. ಗರಗಸದ ಮೇಜಿಗೆ ಆ ನಿಯಮ. ಇಲ್ಲಿ ಬಿಟ್ಟು ದುಂಡಗಿದೆ, ಯಾವ ಕೋನದಿಂದ ಬಂದರೂ ಬಿಟ್ಟಿಗೂ ಬೇಲಿಗೂ ನಡುವಿನ ದೂರ ಒಂದೇ ಲೆಕ್ಕ. ಒಂದು ತುದಿಗೆ ಬೋಲ್ಟು ಹಾಕಿ ಇನ್ನೊಂದು ತುದಿಯನ್ನು ಆಚೀಚೆ ಸರಿಸಿ ಕ್ಲಾಂಪ್ ಬಿಗಿದರೆ ಮುಗಿಯಿತು. ಪಟ್ಟಿಯನ್ನು ಬಲದಿಂದ ಎಡಕ್ಕೇ ದೂಡಬೇಕು. ತಲೆಕೆಳಗಾದ ಬಿಟ್ಟು ಮೇಲಿಂದ ನೋಡಿದರೆ ಎಡಸುತ್ತು ತಿರುಗುತ್ತಿರುತ್ತದೆ, ಬಲದಿಂದ ಬಂದ ಮರ ಅದಕ್ಕೆ ಎದುರಾಗಿ ಹೋಗುತ್ತದೆ. ಎಡದಿಂದ ದೂಡಿದರೆ ಬಿಟ್ಟು ಪಟ್ಟಿಯನ್ನು ಕಿತ್ತುಕೊಂಡು ಬೆರಳನ್ನೂ ಜೊತೆಗೆಳೆಯುತ್ತದೆ. ಬೇಲಿಗೂ ಬಿಟ್ಟಿಗೂ ನಡುವಿನ ಸಂದಿಯಲ್ಲಂತೂ ಪಟ್ಟಿ ತೂರಿಸಲೇಬಾರದು. ಕೊನೆಯ ಅರ್ಧ ಅಡಿಗೆ ಕೈ ಬೇಡ, ದೂಡುಗೋಲು ಬಳಸಿ.

ವೇಗವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 12 ಮಿ.ಮೀ. ಬಿಟ್ಟು ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 54 ಕಿ.ಮೀ. ಬಾಗಿಲ ಹಲಗೆಗೆ ಇಳಿಜಾರು ತೆಗೆಯುವ 80 ಮಿ.ಮೀ. ಬಿಟ್ಟನ್ನು ಅದೇ ಸುತ್ತಿನಲ್ಲಿ ಓಡಿಸಿದರೆ 360 ಕಿ.ಮೀ.! ಅದರ ವೇಗವನ್ನು 10,000–12,000 ಸುತ್ತಿಗೆ ಇಳಿಸಲೇಬೇಕು. ವೇಗ ಬದಲಿಸುವ ಗುಂಡಿಯಿಲ್ಲದ ರೂಟರಿಗೆ ಅಂಥ ಬಿಟ್ಟು ಹಾಕುವ ಯೋಚನೆಯನ್ನೇ ಬಿಡಿ. ಬಿಟ್ಟಿನ ಕಾಂಡವನ್ನು, ಅದನ್ನು ಕಚ್ಚಿ ಹಿಡಿಯುವ ಕಾಲೆಟ್ಟಿನ ತಳ ಮುಟ್ಟುವ ತನಕ ಇಳಿಸಿ, ಎರಡು ಮೂರು ಮಿ.ಮೀ. ಹಿಂದೆಳೆದು ಬಿಗಿಯಿರಿ. ತಳಕ್ಕೆ ಆನಿದ್ದರೆ ಹಿಡಿತ ಪೂರ್ತಿ ಬರುವುದಿಲ್ಲ.

ನಮ್ಮ ಮಳೆಗಾಲಕ್ಕೇ ಸೇರಿದ ಇನ್ನೊಂದು ಮಾತಿದೆ. ಗಾಳಿಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟು ಹೋಗುತ್ತದೆ. ಕೆಲಸದವರು ಚಾ ಕುಡಿಯಲು ಹೋಗುತ್ತಾರೆ. ಮೇಜಿನಡಿಯ ರೂಟರಿನ ಸುಚ್ಚು ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಕರೆಂಟು ಬಂದ ಕೂಡಲೇ, ಯಾರದೋ ಕೈ ಬಿಟ್ಟಿನ ಬಳಿ ಇರುವಾಗಲೇ, ಅದು ಗಿರ್ರೆಂದು ಹೊರಟೀತು. ಹಿರಿಯ ಆಚಾರ್ರೊಬ್ಬರು ತಮ್ಮ ಹುಡುಗರಿಗೆ ಹೇಳುವುದನ್ನು ಕೇಳಿದ್ದೇನೆ: “ಹ್ವಾಯ್, ಕರೆಂಟ್ ಹೋದ್ರೆ ಮೊದ್ಲ್ ಪ್ಲಗ್ ತೆಗೀನಿ ಮರ್ರೆ, ಚಾ ಆಮೇಲೆ.” ಕರೆಂಟು ಹೋದಾಗ ತಾನೇ ಬಂದಾಗಿ, ಮತ್ತೆ ಒತ್ತುವ ತನಕ ಹೊರಡದ ಸುಚ್ಚು ಸಿಗುತ್ತದೆ. ಮೇಜಿನ ಮುಂಭಾಗಕ್ಕೆ ಅದನ್ನು ಹಾಕಿಸಿ, ರೂಟರಿಗೆ ಅದರ ಮೂಲಕವೇ ಕರೆಂಟು ಕೊಡಿ.

ರೂಟರ್ ತಲೆಕೆಳಗಾದ ಮೇಲೆ ಧೂಳು ನೇರ ಮೋಟಾರಿನ ಬಾಯಿಗೇ ಬೀಳುತ್ತದೆ. ಬೇಲಿಯ ಹಿಂದೆ ವ್ಯಾಕ್ಯೂಮಿನ ಪೈಪು ಕಟ್ಟಿ, ಮೂಗಿಗೆ ಮಾಸ್ಕ್ ಹಾಕಿ, ಸಂಜೆ ಮೋಟಾರಿಗೆ ಗಾಳಿ ಹೊಡೆಯಿರಿ. ಹಲಸಿನ ಮರವಾದರೆ ಪುಡಿ ಅರಿಸಿನದ ಬಣ್ಣಕ್ಕೆ ಬಂದು ಅಂಗಿಗೆಲ್ಲ ಹತ್ತುತ್ತದೆ. ಬರ್ಮಾದ ಬೌದ್ಧ ಭಿಕ್ಷುಗಳ ಚೀವರಕ್ಕೆ ಹಿಂದೆ ಬಣ್ಣ ಹಾಕುತ್ತಿದ್ದದ್ದು ಹಲಸಿನ ಮರದ ತಿರುಳಿನಿಂದಲೇ. ಕಿರಾಲ್‌ಬೋಗಿಯಂಥ ಗಟ್ಟಿ ಮರಕ್ಕೆ ಕಾರ್ಬೈಡ್ ಬಿಟ್ಟೇ ಬೇಕು. ಅದನ್ನೂ ಒಮ್ಮೆಗೇ ಆಳಕ್ಕೆ ಇಳಿಸದೆ ಎರಡು ಮೂರು ಸಲಕ್ಕೆ ತೆಗೆಯಿರಿ. ಬಿಟ್ಟಿಗೆ ಮರದ ಅಂಟು ಕೂತು ಕಪ್ಪಾದರೆ ಮರ ಸುಡತೊಡಗುತ್ತದೆ. ಹಾಗಾದಾಗ ಬಿಟ್ಟನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರಾ ಒರೆಸಿ ಒಣಗಿಸಿದ ಮೇಲೆ ಮತ್ತೆ ಕೂರಿಸಿ.