ತಾರಕರ್ಲಿಯ ಬಾವಿ

ಕ್ಯಾರವಾನ್ ಎಂಬ ವಾಹನವನ್ನು ನಮ್ಮ ಅಕ್ಕಲಕೋಟೆ ಸೀಮೆಯವರು ಕಂಡದ್ದು ಕಡಿಮೆ. ಮಲಗಲು ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ಮೂಲೆಯಲ್ಲೊಂದು ಪುಟ್ಟ ಶೌಚಾಲಯ. ಗಾಲಿಗಳ ಮೇಲೆ ನಿಂತ ಮನೆಯೇ ಅದು. ಕಳೆದ ಚಳಿಗಾಲದಲ್ಲಿ ನಾನದನ್ನು ಬಾಡಿಗೆಗೆ ಪಡೆದದ್ದು ವಿಲಾಸಕ್ಕಲ್ಲ. ಅವ್ವನಿಗೆ ಎಪ್ಪತ್ತೊಂಬತ್ತು. ಮೊಣಕಾಲು ಸವೆದಿವೆ, ಗಂಟೆಗೊಮ್ಮೆಯಾದರೂ ಶೌಚಾಲಯ ಬೇಕು. ಮಾಲವಣದ ಕಡಲನ್ನು ಆಕೆಗೆ ಇನ್ನೊಮ್ಮೆ ತೋರಿಸಲು ನನಗೆ ಬೇರೆ ದಾರಿ ಕಾಣಲಿಲ್ಲ.

1991ರಲ್ಲಿ ಅಪ್ಪ, ಅವ್ವ ಮತ್ತು ನಾನು ಅಲ್ಲಿಗೆ ಎಸ್.ಟಿ. ಬಸ್ಸಿನಲ್ಲಿ ಹೋಗಿದ್ದೆವು. ತಂಗಲು ಯಾವ ಏರ್ಪಾಡೂ ಇರಲಿಲ್ಲ. ಮಾಲವಣದ ದಕ್ಷಿಣಕ್ಕಿರುವ ತಾರಕರ್ಲಿಯಲ್ಲಿ ಕೇಳುತ್ತ ಕೇಳುತ್ತ ಹೋಗಿ ಮೀನುಗಾರರೊಬ್ಬರ ಪಡಸಾಲೆಯಲ್ಲಿ ಎರಡು ರಾತ್ರಿ ಮಲಗಿದೆವು. ಬೆಳಗಿನ ಜಾವ ಆ ಮನೆಯವರು ರಾಪಣ ಎಳೆಯಲು ಹೊರಟರು. ದೋಣಿಯಲ್ಲಿ ಹೋಗಿ ಅರೆವೃತ್ತವಾಗಿ ಬಲೆ ಬಿಟ್ಟು, ಅದರ ಎರಡೂ ತುದಿಗಳನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ಮೀನುಗಾರಿಕೆಯದು. ಕರ್ನಾಟಕದ ಕರಾವಳಿಯಲ್ಲಿ ಅದೇ ರಂಪಣಿ. ಅಪ್ಪ ಧೋತರ ಎತ್ತಿಕಟ್ಟಿ ತಾವೂ ಹಗ್ಗಕ್ಕೆ ಕೈ ಹಚ್ಚಿದ್ದರು.

ಈ ಸಲ ಕೊಲ್ಹಾಪುರ, ರಾಧಾನಗರಿ ದಾಟಿ ಫೋಂಡಾ ಘಾಟಿನ ತಿರುವುಗಳಲ್ಲಿ ನಮ್ಮ ಮನೆ ತೇಕುತ್ತ ಇಳಿಯಿತು. ತಾರಕರ್ಲಿಯ ಇಕ್ಕಟ್ಟಾದ ದಾರಿಯಲ್ಲಿ ಮುಂದೆ ಹೋಗಲಾರದೆ ಒಂದು ತೆಂಗಿನ ತೋಟದಲ್ಲಿ ನಿಂತಿತು. ಕಿಟಕಿಯಿಂದ ಕಡಲು ಕಾಣುತ್ತಿತ್ತು. ಅದರ ಜೊತೆಗೆ ಸ್ಕೂಬಾ ಡೈವಿಂಗಿನ ಫಲಕಗಳೂ ಕಂಡವು. ಯಾಂತ್ರಿಕ ದೋಣಿಗಳೂ ಪರ್ಸೀನ್ ಬಲೆಗಳೂ ಬಂದಮೇಲೆ ದಡದ ಬಲೆಗೆ ಬೀಳುವ ಮೀನು ಕಡಿಮೆಯಾಗಿದೆ. ನಾವಿದ್ದಷ್ಟು ದಿನ ರಾಪಣ ಕಾಣಲಿಲ್ಲ. “ಹಗ್ಗ ಜಗ್ಗೂ ಮಂದಿ ಎಲ್ಲಿ ಹ್ವಾದ್ರೋ?” ಎಂದು ಅವ್ವ ಒಮ್ಮೆ ಕೇಳಿದಳು. ಮತ್ತೆ ಕೇಳಲಿಲ್ಲ.

ಎಲ್ಲ ಅನುಕೂಲಗಳೂ ಇದ್ದವು. ಅದೇ ನನಗೆ ಇರಿಸುಮುರಿಸಾಯಿತು. ನಮ್ಮ ಚಹಾ, ನಮ್ಮ ಜೋಳದ ರೊಟ್ಟಿ, ನಮ್ಮ ಹಾಸಿಗೆ. ಎರಡು ದಿನ ಆ ಊರಿನವರಲ್ಲಿ ಏನನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಅಂದು ನಮ್ಮನ್ನು ಮಾತಿಗೆ ಹಚ್ಚಿದ್ದು ಹಸಿವು ಮತ್ತು ನಿದ್ದೆ. ಅವ್ವ ಕಿಟಕಿಯಲ್ಲೇ ಕುಳಿತಿದ್ದಳು, ಕೆಳಗಿಳಿಯಲು ಒಪ್ಪಲಿಲ್ಲ.

ಮೂರನೆಯ ಬೆಳಿಗ್ಗೆ ಟಾಕಿ ಬರಿದಾಯಿತು. ಪಕ್ಕದ ಅಂಗಳದಲ್ಲಿದ್ದ ವೃದ್ಧೆಯನ್ನು ನಾನು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ “ವಿಹೀರ” ಎಲ್ಲಿದೆಯೆಂದು ವಿಚಾರಿಸಿದೆ. ಆಕೆ ಮಾಲವಣಿಯಲ್ಲಿ ಏನೋ ಹೇಳಿ, ಮನೆಯ ಹಿಂಬದಿಗೆ ಕೈ ಮಾಡಿ “ಬಾವ್” ಎಂದಳು. ಕಿಟಕಿಯಿಂದ ಅವ್ವನ ದನಿ ಬಂತು: “ಬಾವಿ ಹಿಂದ ಐತಂತ, ಹೋಗೋ!”

ತದ್ಭವ ಪ್ರಕರಣದಲ್ಲಿ ಸಂಸ್ಕೃತದ ‘ವಾಪಿ’ ಕನ್ನಡದಲ್ಲಿ ‘ಬಾವಿ’ಯಾಗುವುದನ್ನು ನೀವು ಓದಿದ್ದೀರಿ, ವನ ಬನವಾದಂತೆ, ವಸತಿ ಬಸದಿಯಾದಂತೆ. ಕೊಂಕಣದ ‘ಬಾವ್’ ಅದೇ ಬೇರಿನದು. ಶಿವಾಜಿ ಮಹಾರಾಜರು 1664ರಲ್ಲಿ ಮಾಲವಣದೆದುರಿನ ಕುರಟೆ ನಡುಗಡ್ಡೆಯ ಮೇಲೆ ಕಟ್ಟಿಸತೊಡಗಿದ ಸಿಂಧುದುರ್ಗದೊಳಗೆ, ಸುತ್ತಲೂ ಉಪ್ಪುನೀರಿದ್ದರೂ ಸಿಹಿನೀರಿನ ಮೂರು ಬಾವಿಗಳಿವೆ: ದೂಧ್‌ಬಾವ್, ದಹೀಬಾವ್, ಸಾಖರ್‌ಬಾವ್. ಹಾಲು, ಮೊಸರು, ಸಕ್ಕರೆ! ಅಂದು ಅಪ್ಪ ಆ ಹೆಸರುಗಳನ್ನು ಅವ್ವನಿಗೆ ಬಿಡಿಸಿ ಹೇಳಿದ್ದರು. ಶಾಲೆಯ ಮೆಟ್ಟಿಲು ಹತ್ತದ ಆಕೆ ಆ ಒಂದು ಪದವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದಳೋ, ಆ ಕ್ಷಣವೇ ಊಹಿಸಿದಳೋ, ನಾನು ಕೇಳಲಿಲ್ಲ.

ಕಡಲಿಗಾಗಿ ಇಳಿಯದವಳು ಬಾವಿಗಾಗಿ ಇಳಿದಳು. ಚಾಲಕನೂ ನಾನೂ ಸ್ಟೂಲಿಟ್ಟು, ತೋಳು ಹಿಡಿದು, ಬಾವಿಕಟ್ಟೆಯವರೆಗೆ ನಡೆಸಿದೆವು. ವೃದ್ಧೆ ಮಣೆ ಹಾಕಿದಳು. ಒಬ್ಬಳು ಕನ್ನಡ, ಒಬ್ಬಳು ಮಾಲವಣಿ. ಮೊಣಕಾಲು ಮುಟ್ಟಿ ತೋರಿಸಿದರು, ಬೆರಳು ಮಡಿಸಿ ಮಕ್ಕಳನ್ನು ಎಣಿಸಿದರು. ಅವ್ವ ಹಣೆಯ ಮೇಲೆ ಕೈಯಾಡಿಸಿ ಅಪ್ಪ ಹೋದದ್ದನ್ನು ತಿಳಿಸಿದಳು. ಆಕೆಯೂ ಹಾಗೆಯೇ ಮಾಡಿದಳು. ನಾನು ಪಂಪಿನ ಕೊಳವೆ ಹಿಡಿದು ದೂರ ನಿಂತಿದ್ದೆ. ಎರಡು ಭಾಷೆ ಬಲ್ಲ ನನ್ನನ್ನು ಮಾತು ತಿಳಿಸಿಕೊಡಲು ಯಾರೂ ಕರೆಯಲಿಲ್ಲ. ಟಾಕಿ ತುಂಬಿ ಚೆಲ್ಲುತ್ತಿದೆಯೆಂದು ಚಾಲಕ ಎರಡು ಸಲ ಕೂಗಿದ.