ಅಜ್ಜಿ ನೋಡದ ನಾಟಕ

ಹೊಸಪೇಟೆಯಿಂದ ಹಂಪಿಯ ಕಡೆ ಹೊರಟರೆ ದಾರಿಯಲ್ಲಿ ನಮ್ಮ ಮಲಪನಗುಡಿ ಸಿಗುತ್ತದೆ. ಊರ ಹತ್ತಿರ ವಿಜಯನಗರ ಕಾಲದ ಕಲ್ಲಿನ ಬಾವಿಯೊಂದಿದೆ. ಹೆಸರು ಸೂಳೆ ಬಾವಿ. ಗಂಡಸರು, ಶಾಲೆಯ ಮಕ್ಕಳು, ಎಲ್ಲರೂ ಆ ಹೆಸರನ್ನು ಸಲೀಸಾಗಿ ಹೇಳುತ್ತಾರೆ. ನಮ್ಮಜ್ಜಿ ಮಾತ್ರ ಸಾಯುವವರೆಗೂ "ಆ ಬಾವಿ" ಎಂದಳೇ ಹೊರತು ಹೆಸರು ಹಿಡಿಯಲಿಲ್ಲ. ಆ ಪದ ಬಾಯಲ್ಲಿ ಬಂದರೆ ತನಗೇ ಅಂಟಿಕೊಂಡೀತು ಎಂಬ ಹೆದರಿಕೆ ಇತ್ತೆಂದು ಕಾಣುತ್ತದೆ.

ಅಜ್ಜಿ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡವಳು. ಅವಳು ಬಳ್ಳಾರಿಯನ್ನು ನೋಡಿದ್ದು ಒಂದೇ ಸಲ, ಮೂವತ್ತರ ದಶಕದಲ್ಲಿ. ಕಾಲುವೆ ಕೆಳಗಿನ ಗದ್ದೆಯ ವಿಚಾರಕ್ಕೆ ಭಾವನವರು ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋಗಿದ್ದರು. ವಕೀಲರೊಬ್ಬರ ಮನೆ ಪಡಸಾಲೆಯಲ್ಲಿ ಕೂತದ್ದು, ವಕೀಲರು ಕೇಳಿದ ಪ್ರಶ್ನೆಗಳಿಗೆಲ್ಲ ಭಾವನವರೇ ಉತ್ತರ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. "ನನ್ನ ಹೆಸ್ರು ಕೇಳಿದ್ರೂ ಅವ್ರೇ ಹೇಳಿದ್ರು ನೋಡವ್ವಾ" ಎನ್ನುತ್ತಿದ್ದಳು. ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಹೊಟ್ಟೆ ಬಟ್ಟೆಗೆ ಒಪ್ಪಿಕೊಂಡು ಗದ್ದೆ ಬಿಟ್ಟುಕೊಟ್ಟಿದ್ದೇನೆ ಎಂದು ಅವಳಿಗೆ ತಿಳಿದದ್ದು ಊರಿಗೆ ಬಂದು ವರ್ಷ ಕಳೆದ ಮೇಲೆ.

ಆ ರಾತ್ರಿ ಅವರು ಉಳಿದುಕೊಂಡಿದ್ದ ಮನೆಯಲ್ಲಿ ಒಂದೇ ಸಡಗರವಂತೆ. ವಕೀಲ ರಾಘವಾಚಾರ್ಯರ ನಾಟಕ. ಮನೆಯ ಹೆಂಗಸರೆಲ್ಲ ಹೊರಟರು. ಅಜ್ಜಿಯನ್ನು ಯಾರೂ ಕರೆಯಲಿಲ್ಲ. ಗಂಡ ಸತ್ತವಳು ನಾಟಕಕ್ಕೆ ಹೋಗುವುದುಂಟೆ? ಒಲೆಯ ಮುಂದೆ ಕೂತು ಅವರು ಬಿಟ್ಟುಹೋದ ಕೂಸನ್ನು ತೂಗಿದಳು.

ಆ ರಾಘವಾಚಾರ್ಯರು ಯಾರೆಂದು ನನಗೆ ತಿಳಿದದ್ದು ನಾನು ಬಳ್ಳಾರಿಯಲ್ಲಿ ಕಾಲೇಜು ಓದುವಾಗ. ಅವರು ಹುಟ್ಟಿದ್ದು 1880ರಲ್ಲಿ, ಅನಂತಪುರದ ಕಡೆಯ ತಾಡಪತ್ರಿಯಲ್ಲಿ. ಮನೆಮಾತು ತೆಲುಗು. ತಂದೆ ಬಳ್ಳಾರಿಯಲ್ಲಿ ಮೇಷ್ಟರು. ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು ವಕೀಲರು, ಜೊತೆಗೆ ನಾಟಕಕಾರರು. ಹೊಟ್ಟೆಪಾಡಿಗೆ, ಓದಿಗೆ, ಕೋರ್ಟಿಗೆ ಎಂದು ಆ ಕಡೆಯಿಂದ ಬಳ್ಳಾರಿಗೆ ಬಂದು ನೆಲೆನಿಂತ ಮನೆಗಳು ಬಹಳ. ನಮ್ಮ ಪಕ್ಕದ ಕಮಲಾಪುರದಲ್ಲಿ ಹುಟ್ಟಿದ ಕೋಲಾಚಲಂ ಶ್ರೀನಿವಾಸರಾಯರೂ ಬಳ್ಳಾರಿಯ ವಕೀಲರೇ, ತೆಲುಗಿನಲ್ಲಿ ನಾಟಕ ಬರೆದವರೇ. ಹಗಲು ಕರಿ ಕೋಟು, ರಾತ್ರಿ ಬಣ್ಣ. ಆಗಿನ ಬಳ್ಳಾರಿ ವಕೀಲರಿಗೆ ಇದೊಂದು ಹುಚ್ಚು. ಅವರ ಹೆಂಡತಿಯರು ರಾತ್ರಿಯ ಊಟ ಎಷ್ಟು ಹೊತ್ತಿಗೆ ಬಡಿಸುತ್ತಿದ್ದರೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ರಾಘವಾಚಾರ್ಯರು ಮದ್ರಾಸಿನಲ್ಲಿ ಕಾನೂನು ಓದಿ ಬಂದು ಬಳ್ಳಾರಿಯಲ್ಲಿ ವಕೀಲಿಗೆ ನಿಂತರು. ಕ್ರಿಮಿನಲ್ ಕೇಸುಗಳಲ್ಲಿ ಹೆಸರು ಮಾಡಿದರು, ಸರ್ಕಾರಿ ವಕೀಲರೂ ಆದರು. ಅನ್ನ ಹಾಕಿದ್ದು ಕೋರ್ಟು, ಜನ ಪ್ರೀತಿಯಿಂದ ನೆನೆಯುವುದು ರಂಗ. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ಮಾಡಿದರು, ಇಂಗ್ಲೆಂಡಿಗೂ ಹೋಗಿಬಂದರು. 1936ರ 'ದ್ರೌಪದಿ ಮಾನಸಂರಕ್ಷಣಂ' ಚಿತ್ರದಲ್ಲಿ ದುರ್ಯೋಧನ ಅವರೇ. ತಾಡಪತ್ರಿ ರಾಘವಾಚಾರ್ಯ ಎಂಬ ಹೆಸರು ಕಾಗದದಲ್ಲಿ ಉಳಿಯಿತು. ಬಂದ ಮನೆಯವರ ಮಗನಿಗೆ ಊರು ತನ್ನ ಹೆಸರನ್ನೇ ಕೊಟ್ಟಿತು: ಬಳ್ಳಾರಿ ರಾಘವ. 1953ರಲ್ಲಿ ಬಳ್ಳಾರಿ ಯಾರಿಗೆ ಸೇರಬೇಕೆಂದು ಕನ್ನಡದವರೂ ತೆಲುಗಿನವರೂ ಜಗಳವಾಡಿದಾಗ ಅವರಿರಲಿಲ್ಲ, 1946ರಲ್ಲೇ ತೀರಿಕೊಂಡಿದ್ದರು. ಇವತ್ತಿಗೂ ಎರಡು ಕಡೆಯವರೂ ಅವರನ್ನು ನಮ್ಮವರು ಎನ್ನುತ್ತಾರೆ. ಬಳ್ಳಾರಿಯ ರಾಘವ ಕಲಾಮಂದಿರ ಅವರ ಹೆಸರಿನದು.

ಅವರ ಪಾತ್ರಗಳಲ್ಲಿ ಶೇಕ್ಸ್‌ಪಿಯರನ ಶೈಲಾಕನೂ ಒಬ್ಬ. ಆ ನಾಟಕದಲ್ಲಿ ಪೋರ್ಷಿಯಾ ಗಂಡುವೇಷ ಹಾಕಿಕೊಂಡು ನ್ಯಾಯಾಲಯಕ್ಕೆ ಬಂದು ವಾದ ಮಾಡುತ್ತಾಳೆ. ನಮ್ಮ ಕಡೆ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲವದು. ಹಾಗೆ ಆಡಿದರೆ ಗಂಡಸೊಬ್ಬ ಹೆಂಗಸಾಗಿ, ಆ ಹೆಂಗಸು ಮತ್ತೆ ಗಂಡು ವಕೀಲನಾಗಿ ನಿಲ್ಲಬೇಕು. ನಕ್ಕುಬಿಡಬಹುದು. ಆದರೆ ನಿಜವಾದ ಕೋರ್ಟಿನಲ್ಲೂ ಹಾಗೇ ಇತ್ತಲ್ಲ. ಈ ದೇಶದಲ್ಲಿ ಹೆಂಗಸರು ವಕೀಲರಾಗಲು ಅಡ್ಡಿಯಿಲ್ಲ ಎಂದು ಕಾಯಿದೆ ಬಂದದ್ದೇ 1923ರಲ್ಲಿ.

ನನಗೆ ರಾಘವರ ಮೇಲೆ ಗೌರವ ಹುಟ್ಟಿದ್ದು ಅವರ ದುರ್ಯೋಧನನಿಂದಲ್ಲ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ಅವರು ಹಠ ಹಿಡಿದರು. ಮರ್ಯಾದಸ್ಥರ ಮನೆಯ, ಓದಿದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಅವರ ಜೊತೆಗೆ ಆಡಿದವರಲ್ಲಿ ಕೊಮ್ಮೂರಿ ಪದ್ಮಾವತಿ ದೇವಿ ಒಬ್ಬರು. ಆಗ ರಾಘವರು ಎತ್ತಿಕೊಂಡ ನಾಟಕಗಳಲ್ಲೊಂದು 'ತಪ್ಪೆವರಿದಿ', ಅಂದರೆ ತಪ್ಪು ಯಾರದು. ಸಂಸಾರದ ಕಥೆ. ಬರೆದವರು ಪಿ. ವಿ. ರಾಜಮನ್ನಾರ್. ಅವರೂ ವಕೀಲರೇ, 1948ರಲ್ಲಿ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದರು.

ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹೆಣ್ಣೇ ಆಡಿದ್ಳಾ? ಎಲ್ಲಾರ ಮುಂದ?"

"ಹೂಂ ಅಜ್ಜಿ."

"ಮಾತೂ ಆಕೀನ ಆಡಿದ್ಳಾ?"

"ಮತ್ತ್ಯಾರು ಆಡ್ತಾರ?"

ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ, "ಆಮ್ಯಾಲೆ ಆಕೀಗೆ ಜನ ಏನಂದ್ರವ್ವಾ? ಆ ಬಾವಿ ಹೆಸ್ರಿಟ್ರೇನು?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅಂದವರೂ ಇದ್ದಿರಬೇಕು. ಅಂದರೂ ಅವರು ಆಡಿದರು ಎಂದಷ್ಟೇ ಹೇಳಿದೆ. ಅಜ್ಜಿ ಮತ್ತೆ ಕಾಯಿ ಸುಲಿಯತೊಡಗಿದಳು. ಬುಟ್ಟಿ ಮುಗಿಯುವ ಹೊತ್ತಿಗೆ, "ಆ ರಾತ್ರಿ ಕೂಸು ಬಾಳ ಅತ್ತಿತ್ತು" ಎಂದಳು. ಗದ್ದೆಯ ಮಾತು ಎತ್ತಲಿಲ್ಲ.

ಈಗ ನಮ್ಮ ತಂಗಿಯ ಮಗಳು ಹೊಸಪೇಟೆಯಲ್ಲೇ ವಕೀಲಿ. 2021ರಲ್ಲಿ ಊರು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹೋದ ತಿಂಗಳು ಅವಳ ಆಫೀಸಿನಲ್ಲಿ ಕೂತಿದ್ದೆ. ಕಂಪ್ಲಿ ಕಡೆಯ ಹೆಣ್ಣುಮಗಳೊಬ್ಬಳು ಅಣ್ಣನ ಜೊತೆ ಬಂದಳು. ಹುಡುಗಿ ಹೆಸರು ಕೇಳಿದಳು. ಅಣ್ಣ ಬಾಯಿ ತೆರೆದ.

"ಅಣ್ಣಾರೇ, ಹೊರಗ ಬೆಂಚ್ ಐತಿ. ಸ್ವಲ್ಪ ಕೂತಿರ್ರಿ" ಎಂದಳು ನಮ್ಮ ಹುಡುಗಿ. ಅವನು ನನ್ನ ಮುಖ ನೋಡಿದ, ಹಿರಿಯಳು ಏನಾದರೂ ಅಂದೇನೆಂದು. ನಾನೂ ಎದ್ದು ಅವನ ಹಿಂದೆಯೇ ಹೊರಗೆ ಬಂದೆ. ಬಾಗಿಲ ಆಚೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಆ ಹೆಣ್ಣುಮಗಳು ಮೆಲ್ಲಗೆ ತನ್ನ ಹೆಸರು ಹೇಳಿದಳು.