ಸೂಜಿ, ದಬ್ಬಣ ಮತ್ತು ನಮ್ಮವ್ವನ ಕೌದಿ



ಈ ಸಲ ಬೀಜ, ಗೊಬ್ಬರ, ರೇಟು ಯಾವುದರ ಸುದ್ದಿಯೂ ಇಲ್ಲ. ಹೊಲಿಗೆ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಹೊಲಿಗೆ ಅಂದ್ರೆ ಟೇಲರ್ ಕೆಲಸ, ಇಲ್ಲಾ ಮನೆ ಹೆಣ್ಣುಮಕ್ಕಳ ಕೆಲಸ ಅಂತ ನಮ್ಮ ಗಂಡಸರ ತಲೆಯಾಗ ಕೂತುಬಿಟ್ಟದ. ಆದರೆ ಒಕ್ಕಲುತನದಲ್ಲಿ ಸೂಜಿ ಬೇಡದ ತಿಂಗಳು ಯಾವುದು, ನೀವೇ ಹೇಳ್ರಿ. ಚೀಲದ ಬಾಯಿ, ತಾಡಪತ್ರಿ, ಎತ್ತಿನ ಜೂಲ, ಬೆನ್ನಿಗೆ ಹಾಕೋ ಎಣ್ಣಿ ಪಂಪಿನ ಪಟ್ಟಿ, ಎಲ್ಲಾನೂ ಒಂದಲ್ಲ ಒಂದು ದಿನ ಹರಿಯುತ್ತದೆ. ಹರಿದದ್ದನ್ನು ಹೊಲಿಯೋಕೆ ಬರುವ ಮನಿಗೂ, ಹೊಸದು ತರೋಕೆ ಪೇಟೆಗೆ ಓಡುವ ಮನಿಗೂ ವರ್ಷದ ಕೊನೆಗೆ ಲೆಕ್ಕ ಬೇರೆ ಬರುತ್ತದೆ.

ನಾನು ಸೂಜಿ ಹಿಡಿದದ್ದು ಮೂರನೇ ಕ್ಲಾಸಿನಲ್ಲಿದ್ದಾಗ. ನಾಲ್ಕು ಮಂದಿ ಮಕ್ಕಳಲ್ಲಿ ನಾನು ಕಡೆಯವನು. ಅಕ್ಕಂದಿರು ಮದುವೆಯಾಗಿ ಹೋಗಿದ್ದರು. ನಮ್ಮವ್ವನಿಗೆ ದೂರದ ಹೊಲದಾಗ ಯಾರ ದನ ಹೊಕ್ಕಾವ ಅಂತ ಕಾಣುತ್ತಿತ್ತು, ಕೈಯಾಗಿನ ಸೂಜಿ ತೂತು ಕಾಣುತ್ತಿರಲಿಲ್ಲ. ಹಂಗಾಗಿ ದಾರ ಪೋಣಿಸೋ ಕೆಲಸ ನನ್ನ ಪಾಲಿಗೆ ಬಂತು. ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಹಾಕಿ, ಜೋಳದ ದಂಟಿನ ಬೆಂಡಿಗೆ ಸಾಲಾಗಿ ಚುಚ್ಚಿಟ್ಟು ಹೋಗಬೇಕು. ಸಂಜೆ ಬಂದಾಗ ಹತ್ತೂ ಖಾಲಿ.

ಒಂದು ದಿನ ಅವ್ವ, "ತಮ್ಮಾ, ದಾರ ಹಾಕಾಕ ಬರ್ತೈತಿ, ಎಳಿಯಾಕ ಬರಂಗಿಲ್ಲೇನು? ಕುಂದ್ರು ಇಲ್ಲಿ" ಅಂದಳು. ಕೌದಿಯ ಒಂದು ಮೂಲೆ ನನ್ನ ತೊಡೆ ಮೇಲೆ ಬಂತು. ಅಲ್ಲಿಂದ ಶುರು.

ಕೌದಿ ಗೊತ್ತಿಲ್ಲದವರು ನಮ್ಮ ಭಾಗದಲ್ಲಿ ಇಲ್ಲ. ಆದರೆ ಈಗಿನ ಹುಡುಗರಿಗೆ ಅದು ಹೆಂಗ ಆಗುತ್ತದೆ ಅನ್ನೋದು ಗೊತ್ತಿಲ್ಲ, ಅದಕ್ಕೆ ಹೇಳ್ತೀನಿ. ಕೆಳಗೆ ಒಂದು ಹಳೇ ಸೀರೆ ಹಾಸಬೇಕು. ಅದರ ಮೇಲೆ ಅಪ್ಪನ ಧೋತರ, ಹರಿದ ಅಂಗಿ, ಕುಬಸ, ಮಕ್ಕಳ ಚಡ್ಡಿ, ಸಿಕ್ಕ ಅರಿವಿ ಎಲ್ಲಾ ಪದರ ಪದರ. ಎಲ್ಲಕ್ಕಿಂತ ಮೇಲೆ ಬಣ್ಣ ನೋಡಿ ತುಂಡು ಜೋಡಿಸುವುದು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ, ಹೊಲದಾಗ ಸುತ್ತು ಹಾಕಿ ಗಳೆ ಹೊಡೆದಂಗ. ನಡುವೆ ಬಂದರೆ ಮುಗೀತು. ಇಲಕಲ್ಲ ಸೀರೆಯ ತುಂಡು ಸಿಕ್ಕರೆ ಅವ್ವ ಅದನ್ನು ನಟ್ಟನಡುವಿಗೆ ಅಂತ ಎತ್ತಿಡುತ್ತಿದ್ದಳು. ಕುಷ್ಟಗಿ ದಾಟಿದರೆ ಇಲಕಲ್ಲು, ಅಲ್ಲಿಯ ಹತ್ತಿ ಸೀರೆ ಉಟ್ಟು ಉಟ್ಟು ಮೆತ್ತಗಾದ ಮೇಲೆ ಕೌದಿಗೆ ಅದರಂಥದ್ದು ಮತ್ತೊಂದಿಲ್ಲ. ಟೆರಿಕಾಟ್ ಬಟ್ಟೆ ಬಂದರೆ, "ಇದು ಮ್ಯಾಲ ಚಂದಕ್ಕ ಇರಲಿ, ಮೈಗೆ ಹತ್ತೋ ಕಡೆ ಹತ್ತಿ ಅರಿವಿನೇ ಬೇಕು, ಇದು ಬೆವರು ಹೀರಂಗಿಲ್ಲ" ಅಂತಿದ್ದಳು.

ಇದು ನಮ್ಮೊಬ್ಬರದೇ ವಿದ್ಯೆ ಅಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಈಗ ದೊಡ್ಡ ಊರುಗಳ ಪ್ರದರ್ಶನದಲ್ಲಿ ಜಾಗ ಸಿಕ್ಕಿದೆ. ಮಹಾರಾಷ್ಟ್ರದವರು ಗೋಧಡಿ ಅಂತಾರೆ. ಬಂಗಾಳದಲ್ಲಿ ಹಳೇ ಸೀರೆ ಪದರ ಹಾಕಿ ಹೊಲಿದರೆ ಅದಕ್ಕೆ ಕಾಂಥಾ ಅಂತ ಹೆಸರು. ಬಡವರು ಇದ್ದಲ್ಲೆಲ್ಲಾ ಈ ಹೊಲಿಗೆ ಇದೆ.

ಅವ್ವ ಕಲಿಸಿದ್ದು ಮೂರೇ ಮಾತು. ಒಂದು, ದಾರ ನಿನ್ನ ತೋಳಿಗಿಂತ ಉದ್ದ ಇರಬಾರದು, ಗಂಟು ಬೀಳುತ್ತದೆ. ಎರಡು, ಬಿಗಿಯಾಗಿ ಎಳೆಯಬೇಡ, ಬಟ್ಟೆ ಸುಕ್ಕಾಗುತ್ತದೆ, ಒಗೆದಾಗ ದಾರವೇ ಬಟ್ಟೆ ಕೊಯ್ಯುತ್ತದೆ. ಮೂರನೇದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುವ ಮಾತು. "ಹರಕ ಇದ್ದಲ್ಲಿ ಹೊಲೀಬ್ಯಾಡ, ಗಟ್ಟಿ ಇದ್ದಲ್ಲಿ ಹೊಲಿ." ತೂತಿನ ಅಂಚಿಗೇ ತ್ಯಾಪಿ ಹಚ್ಚಿದರೆ ಆ ಅಂಚೇ ಜೀರ್ಣ ಆಗಿರುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬಾಯಿ ಬಿಡುತ್ತದೆ. ತ್ಯಾಪಿ ತೂತಿಗಿಂತ ನಾಲ್ಕು ಬೆರಳು ದೊಡ್ಡದಿರಬೇಕು, ಸುತ್ತಲಿನ ಗಟ್ಟಿ ಬಟ್ಟೆಯನ್ನು ಹಿಡಿದುಕೊಳ್ಳಬೇಕು.

ಗೆಳೆಯರು ಕಟ್ಟೆ ಮೇಲೆ ಕೂತು ನಗುತ್ತಿದ್ದರು. ಅಪ್ಪ ನಗಲೂ ಇಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸುಗ್ಗಿಯಲ್ಲಿ ಒಂದು ರಾತ್ರಿ ಕಣದಾಗ ನನ್ನ ಕೈಗೆ ದಬ್ಬಣ, ಸುತಳಿ ಕೊಟ್ಟು, "ಅರಿವಿ ಹೊಲ್ಯಾಕ ಬಂದ್ರ ಚೀಲಾನೂ ಬರ್ತಾವು, ತಗೋ" ಅಂದ. ಗೋಣಿಚೀಲದ ಬಾಯಿ ಹೊಲಿಯೋದು ಕೌದಿಯಂತೆ ಅಲ್ಲ. ಮೊದಲು ಬಾಯಿ ಅಂಚು ಒಳಗೆ ಮಡಚಬೇಕು. ಎರಡೂ ತುದಿಗೆ ಹಿಡಿಯಷ್ಟು ಬಿಟ್ಟು, ಸುತಳಿಯಿಂದ ಬಿಗಿದು ಕಿವಿ ಮಾಡಬೇಕು. ಆ ಕಿವಿ ಹಿಡಿದೇ ಹಮಾಲರು ಚೀಲ ಎತ್ತೋದು. ನಮ್ಮ ಗಂಗಾವತಿ ಕಡೆ ಭತ್ತ ಅಂದರೆ 75 ಕಿಲೋ ಚೀಲದ ಲೆಕ್ಕ, ಅಷ್ಟು ಭಾರ ಆ ಎರಡು ಕಿವಿ ಮೇಲೆ ನಿಲ್ಲುತ್ತದೆ. ಕಿವಿ ಸಡಿಲಾದರೆ ಕೊಕ್ಕೆ ಹಾಕ್ತಾರೆ, ಕೊಕ್ಕೆ ಹಾಕಿದಲ್ಲಿ ತೂತು, ತೂತಿನಿಂದ ಕಾಳು ಸೋರಿಕೆ. ಸೋರಿದ ಕಾಳು ನಿಮ್ಮ ತೂಕದಿಂದ ಹೋಗುತ್ತದೆ, ಬೇರೆ ಯಾರದರಿಂದಲೂ ಅಲ್ಲ. ಆ ವರ್ಷ ಗಾಡಿ ತುಂಬೋಕೆ ಬಂದ ಒಬ್ಬ ಹಮಾಲಣ್ಣ, "ಈ ಚೀಲ ಯಾರ್ ಹೊಲದಿದ್ದು? ಕಿವಿ ಭಾರೀ ಅದಾವಲ್ಲ" ಅಂದ. ಅಪ್ಪ ನನ್ನ ಕಡೆ ಗದ್ದ ತೋರಿಸಿದ. ಆಮೇಲೆ ಕಟ್ಟೆ ಮೇಲಿನವರ ನಗು ನನಗೆ ಲೆಕ್ಕಕ್ಕೇ ಬರಲಿಲ್ಲ.

ಈಗ ಬರದ ವರ್ಷದ ಮಾತು. ಹಿಟ್ನಾಳದ ಸುತ್ತ ಒಂದು ಕಡೆ ತುಂಗಭದ್ರಾ ನೀರು, ಇನ್ನೊಂದು ಕಡೆ ಮಳೆ ನಂಬಿದ ಹೊಲ. ನಮ್ಮದು ಮಳೆ ನಂಬಿದ್ದು. 1985ರಿಂದ 87ರ ತನಕ ಮಳೆ ಕೈಕೊಟ್ಟಿದ್ದು ಹಿರಿಯರಿಗೆ ನೆನಪಿರಬೇಕು. ಸಜ್ಜೆ ಮೊಳಕಾಲೆತ್ತರಕ್ಕೆ ಬಂದು ಒಣಗಿತು. ಕಣಿಕೆ ಕೊಳ್ಳೋಕೆ ರೊಕ್ಕ ಇಲ್ಲ. ಅಪ್ಪ ಎರಡೂ ಎತ್ತು ಸಂತಿಗೆ ಹೊಡೆಯೋದು ಅಂತ ತೀರ್ಮಾನ ಮಾಡಿದ. ಎತ್ತು ಹೋದರೆ ಮುಂದಿನ ಮಳೆಗೆ ಬಿತ್ತೋದು ಏನರಿಂದ? ಅವ್ವ ಏನೂ ಮಾತಾಡಲಿಲ್ಲ. ಮರುದಿನದಿಂದ ನೀರಾವರಿ ಇದ್ದವರ ಮನೆ ಮನೆಗೆ ಹೋಗಿ ಕೌದಿ ಹೊಲಿಗೆ ಒಪ್ಪಿಕೊಂಡು ಬಂದಳು.

ಆ ಬ್ಯಾಸಗಿಯಲ್ಲಿ ನಾವಿಬ್ಬರೂ ಒಂಬತ್ತು ಕೌದಿ ಹೊಲಿದೆವು. ಹಗಲು ಬೇವಿನಗಿಡದ ನೆರಳು, ರಾತ್ರಿ ಕಂದೀಲು. ಅವ್ವ ಒಂದು ಅಂಚಿನಿಂದ, ನಾನು ಎದುರಿನ ಅಂಚಿನಿಂದ. ಕೆಲವರು ರೊಕ್ಕ ಕೊಟ್ಟರು, ಕೆಲವರು ಜೋಳ, ಇನ್ನೂ ಕೆಲವರು ಕಣಿಕೆಯ ಹೊರೆ. ಒಬ್ಬ ದೊಡ್ಡವ್ವ ತೀರಿಹೋದ ಗಂಡನ ಧೋತರ ತಂದುಕೊಟ್ಟು, "ಇದನ್ನ ಒಳಗ ಹಾಕವ್ವಾ, ಮ್ಯಾಲ ಕಾಣಸೋದು ಬ್ಯಾಡ" ಅಂದಳು. ಅವ್ವ ಅದನ್ನು ಕತ್ತರಿಸಲೇ ಇಲ್ಲ. ಇಡಿಯಾಗಿ ಮಡಚಿ, ಎದೆ ಬರೋ ಜಾಗದಲ್ಲಿ ಹಾಸಿ ಹೊಲಿದಳು.

ಕಡೀಕೆ ಒಂದು ಎತ್ತು ಮಾರಿದೆವು, ಒಂದು ಉಳೀತು. ಬಾಜೂ ಮನೆಯವರದೂ ಅದೇ ಕತೆ, ಅವರ ಒಂದು, ನಮ್ಮ ಒಂದು ಕೂಡಿಸಿ ಜೋಡಿ ಮಾಡಿ ಮಳೆ ಬಿದ್ದಾಗ ಎರಡೂ ಹೊಲ ಬಿತ್ತಿದೆವು. ಗಟ್ಟಿ ಇದ್ದಲ್ಲಿ ಹೊಲಿ ಅಂತ ಅವ್ವ ಹೇಳಿದ್ದು ಅರಿವಿಗೆ ಮಾತ್ರ ಅಲ್ಲ ಅಂತ ನನಗೆ ಆವಾಗ ತಿಳೀತು. ಹೋದ ಬೆಳೆ ಹೋಯಿತು. ಉಳಿದದ್ದು ಯಾವುದು ಗಟ್ಟಿ ಇದೆ, ಒಂದು ಎತ್ತು, ಬಾಜೂ ಮನೆಯವರ ಭರವಸೆ, ಎರಡು ಜೋಡಿ ಕೈ, ಅದಕ್ಕೆ ಹೊಲಿಗೆ ಹಾಕಬೇಕು.

ಮೊನ್ನೆ ಮೊನ್ನೆ ನಮ್ಮ ಕಣ್ಣೆದುರಿಗೇ ಒಂದು ದೊಡ್ಡ ತ್ಯಾಪಿ ಆಯ್ತಲ್ರಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟಿನಲ್ಲಿ 19ನೇದು ಕೊಚ್ಚಿಹೋಯಿತು. ಇಷ್ಟೂ ನೀರು ಹರಿದುಹೋದರೆ ಭತ್ತದ ಗತಿ ಏನು ಅಂತ ಆ ವಾರ ಯಾರೂ ಸರಿಯಾಗಿ ನಿದ್ದಿ ಮಾಡಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಕಬ್ಬಿಣದ ತುಂಡು ಒಂದರ ಮೇಲೊಂದು ಇಳಿಸಿ ವಾರದೊಳಗೆ ಆ ಬಾಯಿ ಮುಚ್ಚಿದರು. ಗೇಟ್ ಇರಲಿಲ್ಲ, ಆದರೆ ಎರಡೂ ಬದಿಯ ಕಂಬ ಗಟ್ಟಿ ಇದ್ದವು. ಅವಕ್ಕೇ ಆತು ನಿಂತಿತು ಆ ತ್ಯಾಪಿ. ಅವ್ವ ಇದ್ದಿದ್ದರೆ ಅದನ್ನು ನೋಡಿ ಒಪ್ಪುತ್ತಿದ್ದಳು.

ಈಗ ಕೆಲಸಕ್ಕೆ ಬರೋ ನಾಲ್ಕು ಮಾತು.

ಮಷೀನಿನಲ್ಲಿ ಹೊಲಿದ ಚೀಲ ಬೇಗ ಆಗುತ್ತದೆ, ಒಪ್ಪೋಣ. ಆದರೆ ಕೈಯಲ್ಲಿ ಹಿಡಿಯೋ ಮಷೀನಿನದು ಸರಪಳಿ ಹೊಲಿಗೆ. ಒಂದು ತುದಿಯ ದಾರ ಸಿಕ್ಕು ಎಳೆದರೆ ಸರ್ರನೆ ಪೂರ್ತಿ ಬಿಚ್ಚುತ್ತದೆ. ಅದಕ್ಕೇ ತುದಿಯಲ್ಲಿ ನಾಲ್ಕು ಬೆರಳು ದಾರ ಬಿಟ್ಟು ಗಂಟು ಹಾಕ್ರಿ. ದಬ್ಬಣದ ಹೊಲಿಗೆ ಒಂದು ಕಡೆ ಹರಿದರೂ ಉಳಿದದ್ದು ಹಿಡಿದಿರುತ್ತದೆ.

ಸೆಣಬಿನ ಚೀಲ ಬಿಸಾಡಬ್ಯಾಡ್ರಿ. ಸೆಣಬಿನ ಚೀಲಕ್ಕಂತ 1987ರಲ್ಲಿ ಕಾಯ್ದೆಯೇ ಆಗಿದೆ, ಸರಕಾರದ ಖರೀದಿ ಕೇಂದ್ರದಲ್ಲಿ ಈಗಲೂ ಹೆಚ್ಚಾಗಿ ಅದೇ ನಡೆಯೋದು. ಬಂಗಾಳದ ಮಿಲ್ಲಿನಿಂದ ಇಲ್ಲಿತನಕ ಬರೋ ಮಾಲು ಅದು. ಇಲಿ ಕಡಿದ ತೂತಿಗೆ ಹಳೇ ಚೀಲದ ತುಂಡು ಒಳಗಿನಿಂದ ಹಚ್ಚಿ ಹೊಲಿದರೆ ಇನ್ನೂ ಎರಡು ಸುಗ್ಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದ ಎಳೆ ಜಾರುತ್ತದೆ, ಅಂಚು ಎರಡು ಸಲ ಮಡಚದೆ ಹೊಲಿದರೆ ಹೊಲಿಗೆ ನಿಲ್ಲೋದಿಲ್ಲ.

ತಾಡಪತ್ರಿ ಹರಿದರೆ ಮಳೆಗಾಲಕ್ಕೆ ಕಾಯಬ್ಯಾಡ್ರಿ. ಹೋದ ಸಲ ಕೊಯ್ಲಿನಲ್ಲಿ ರೋಡಿನ ಬದಿಗೆ ಭತ್ತ ಹರವಿದ್ದಾಗ ಸಂಜೆ ಮೋಡ ಕಟ್ಟಿತು. ಬಾಜೂ ಹೊಲದ ಹುಡುಗನ ತಾಡಪತ್ರಿ ನಡುವೆ ಒಂದು ಮೊಳ ಹರಿದಿತ್ತು. ಎರಡೂ ಕಡೆ ತ್ಯಾಪಿ ಕೊಟ್ಟು, ಮೀನಿನ ಬಲೆಯ ನೈಲಾನ್ ದಾರದಿಂದ ಹೊಲಿದು, ಹೊಲಿಗೆ ತೂತಿನ ಮೇಲೆ ಮೇಣದಬತ್ತಿ ತಿಕ್ಕಿದೆ. ಅರ್ಧ ತಾಸಿನ ಕೆಲಸ. ಆ ರಾತ್ರಿ ಮಳೆ ಹೊಡೀತು, ಅವನ ರಾಶಿ ಬೆಚ್ಚಗಿತ್ತು. "ಕಾಕಾ, ಇದು ನನಗೂ ಕಲಸ್ರಿ" ಅಂದ. ಈಗ ಅವನ ಟ್ರ್ಯಾಕ್ಟರ್ ಡಬ್ಬಿಯಲ್ಲಿ ಪಾನಾ ಜೊತೆಗೆ ಒಂದು ದಬ್ಬಣ ಇರುತ್ತದೆ.

ಅವ್ವ ತೀರಿಕೊಂಡಾಗ ಒಂದು ಕೌದಿ ಅರ್ಧಕ್ಕೆ ಉಳಿದಿತ್ತು. ಅಂಚಿನಿಂದ ಸುತ್ತಿ ಬಂದು ನಡುವೆ ಎರಡು ಗೇಣು ಬಾಕಿ. ಸೂಜಿ ಅದರಲ್ಲೇ ಚುಚ್ಚಿತ್ತು, ದಾರ ಇನ್ನೂ ಇತ್ತು. ಯಾರಾದರೂ ಹೊಲಿಯುವವರಿಗೆ ಕೊಡು ಅಂತ ಅಕ್ಕಂದಿರು ಅಂದರು. ನಾನೇ ಕೂತು ಮುಗಿಸಿದೆ. ನನ್ನ ಹೊಲಿಗೆ ಅವ್ವನದಕ್ಕಿಂತ ದಪ್ಪ, ಬೆಳಕಿಗೆ ಹಿಡಿದರೆ ಆಕೆಯದು ಎಲ್ಲಿ ನಿಂತಿತು, ನನ್ನದು ಎಲ್ಲಿಂದ ಶುರುವಾಯಿತು ಅಂತ ಕಾಣುತ್ತದೆ. ಚಳಿಗಾಲಕ್ಕೆ ಅದನ್ನೇ ಹೊದ್ದುಕೊಳ್ಳೋದು. ನನ್ನ ಮಗ ಏಳನೇ ಕ್ಲಾಸು. ಅಂಗಿ ಗುಂಡಿ ತಾನೇ ಹಚ್ಚಿಕೊಳ್ಳುತ್ತಾನೆ, ಈ ಸುಗ್ಗಿಗೆ ದಬ್ಬಣ ಕೊಡಬೇಕು ಅಂತ ಮಾಡೀನಿ.

ನಿಮ್ಮ ಮನೆಯಲ್ಲೂ ಅವ್ವಂದಿರು, ಆಯಿಗಳು ಹೊಲಿದ ಹಳೇ ಕೌದಿ ಇದ್ದರೆ ಫೋಟೋ ಹಾಕ್ರಿ. ಯಲಬುರ್ಗಾ, ಕುಷ್ಟಗಿ ಕಡೆಯವರು ಚೀಲದ ಕಿವಿ ಬೇರೆ ತರ ಕಟ್ಟುತ್ತಿದ್ದರೆ ಅದನ್ನೂ ಬರೀರಿ. ಕಲಿಯೋದು ಇನ್ನೂ ಐತಿ.